ಸೋಮವಾರದ ಪ್ರಾರ್ಥನೆ ಚೀಟಿ

ಹೆಸರು ಹಾಕಬಾರದು ಎನ್ನುವುದು ದೊಡ್ಡಕ್ಕ ಮಾಡಿದ ಕಟ್ಟಳೆ. ಸಂಸ್ಥೆಯ ಮುಖ್ಯಸ್ಥೆಯಾಗಿ ಕೂತ ಹದಿನೇಳು ವರ್ಷಗಳಲ್ಲಿ ಅವರು ಎಷ್ಟೋ ಕಟ್ಟಳೆ ಮಾಡಿದ್ದರು. ಒದ್ದೆ ಕೊಡೆ ಒಳಗೆ ತರಬೇಡಿ ಅಂದರೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಕುಡಿದ ಲೋಟ ತೊಳೆದಿಡಿ ಅಂದರೆ ಕಿವುಡರ ಹಾಗೆ ಎದ್ದು ಹೋಗುತ್ತಿದ್ದರು. ಆದರೆ ಸೋಮವಾರದ ಪ್ರಾರ್ಥನೆ ಚೀಟಿಯಲ್ಲಿ ಯಾರ ಹೆಸರೂ ಬರಕೂಡದು ಅಂದ ಮಾತನ್ನು ಮಾತ್ರ ಒಬ್ಬರೂ ಒಂದು ದಿನವೂ ಮೀರಿರಲಿಲ್ಲ.

ಚೀಟಿ ಅಂದರೆ ಹಿಂದೆ ನಿಜವಾಗಿಯೂ ಚೀಟಿಯೇ, ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಹಂಚುತ್ತಿದ್ದ ಅಂಗೈ ಅಗಲದ ಕಾಗದ. ಈಗ ಫೋನಿಗೆ ಹೋಗುವ ಸಂದೇಶ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನಾನೂರ ಹನ್ನೆರಡು ಜನರ ಕೈಯಲ್ಲಿ ಅದು ಟಿಣ್ ಅನ್ನಬೇಕು. ಕೂಡಿಹಾಕಿ ದುಡಿಸುವವರ ಕೈಯಿಂದ ಜನರನ್ನು ಬಿಡಿಸುವುದು, ಬಿಡಿಸಿದವರಿಗೆ ಇರಲೊಂದು ಜಾಗ ಹುಡುಕುವುದು, ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದು, ಇದು ಸಂಸ್ಥೆಯ ಕೆಲಸ. ಅವರಿಗಾಗಿ ದೇವರಲ್ಲಿ ಬೇಡುವುದೂ ಅಷ್ಟೇ ದೊಡ್ಡ ಕೆಲಸ. ಅದಿಲ್ಲದೆ ಹೋದರೆ ನಾವು ಮಾಡುವುದು ಬರೀ ಓಡಾಟ ಎಂದು ದೊಡ್ಡಕ್ಕ ಮನಸಾರೆ ನಂಬಿದ್ದರು. ಈ ನಂಬಿಕೆಯಲ್ಲಿ ಬೂಟಾಟಿಕೆ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೂಟಾಟಿಕೆ ಇದ್ದಿದ್ದರೆ ಆ ಚೀಟಿಯನ್ನು ಅವರು ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ, ಈ ಕಥೆಯೂ ನಡೆಯುತ್ತಿರಲಿಲ್ಲ.

ಇಲ್ಲಿಗೆ ಬರುವ ಮೊದಲು ದೊಡ್ಡಕ್ಕ ಇಪ್ಪತ್ತು ವರ್ಷ ಭಾಷಾ ಟೀಚರಾಗಿದ್ದವರು. 'ನೊಂದವರಿಗಾಗಿ ಪ್ರಾರ್ಥಿಸಿ' ಎಂದು ಯಾರಾದರೂ ಒಣ ವಾಕ್ಯ ಬರೆದು ತಂದರೆ ಅವರಿಗೆ ಮೈ ಉರಿಯುತ್ತಿತ್ತು. "ಯಾರಿಗೋಸ್ಕರ ಬೇಡ್ತೀವೋ ಅವರ ಮುಖ ಕಣ್ಮುಂದೆ ಬರಬೇಕು ಕಣ್ರೀ. ಇಲ್ದೇ ಇದ್ರೆ ಅದು ಪ್ರಾರ್ಥನೆ ಅಲ್ಲ, ಸುತ್ತೋಲೆ," ಅನ್ನುತ್ತಿದ್ದರು. ಹಾಗಾಗಿ ಚೀಟಿಯನ್ನು ತಾವೇ ಬರೆಯುತ್ತಿದ್ದರು. ಭಾನುವಾರ ಸಂಜೆ ಊಟದ ಮೇಜಿನ ಮೂಲೆಯಲ್ಲಿ ಕೂತು, ಬರೆದು, ಹೊಡೆದು ಹಾಕಿ, ಮತ್ತೆ ಬರೆದು, ಕೊನೆಗೆ ಗಂಡನಿಗೆ ಓದಿ ಹೇಳುತ್ತಿದ್ದರು. ಗಂಡ ಗಡಿಯಾರ ರಿಪೇರಿಯವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ "ಹೂಂ, ಹೂಂ" ಅನ್ನುವವರು.

ಆ ಭಾನುವಾರ ದೊಡ್ಡಕ್ಕ ಓದಿದ್ದು ಇಷ್ಟು: 'ಬ್ರೆಡ್ಡಿನ ಪರಿಮಳಕ್ಕೆ ಎಚ್ಚರಗೊಳ್ಳುವ ನಮ್ಮೊಬ್ಬ ಸಹೋದರಿಗಾಗಿ ಬೇಡಿಕೊಳ್ಳಿ. ಬೇಕರಿಯ ಮೇಲಿನ ಪುಟ್ಟ ಕೋಣೆಯಲ್ಲಿ, ಎಡಗೈಯ ಸುಟ್ಟ ಗಾಯದ ಮೇಲೆ ಬಲಗೈ ಇಟ್ಟು ಅವಳು ಮಲಗುತ್ತಾಳೆ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಕಿಟಕಿ ತೆರೆದು ಮಲಗಿದೆ ಎಂದಳು. ಬರುವ ಗುರುವಾರ ಅವಳು ಬಾಯಿ ಬಿಟ್ಟು ಮಾತಾಡಬೇಕು. ಅವಳ ನಾಲಿಗೆಗೆ ಬಲ ಕೊಡು ಎಂದು ಬೇಡಿ.'

ಗಂಡ ಭೂತಗನ್ನಡಿ ತೆಗೆದರು. "ಹೆಸರೊಂದು ಬಿಟ್ಟು ಇನ್ನೆಲ್ಲಾ ಇದೆಯಲ್ಲೇ," ಅಂದರು.

"ಸಾಕು ಸುಮ್ನಿರಿ, ನಿಮ್ಮದೊಂದು ಕೊಂಕು," ಎಂದು ದೊಡ್ಡಕ್ಕ ನಕ್ಕರು. ತಮಗೂ ಕಣ್ಣು ತೇವವಾಗಿತ್ತು. ಚೆನ್ನಾಗಿ ಬಂದಿದೆ ಅನ್ನಿಸಿತ್ತು.

ಆ ಸಹೋದರಿಯನ್ನು ಆಫೀಸಿನಲ್ಲಿ ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಿದ್ದರು. ಗುಟ್ಟಿಗೆಂದು ಇಟ್ಟ ಹೆಸರು. ಊರಾಚೆಯ ದೊಡ್ಡ ಲಾಂಡ್ರಿಯೊಂದರಲ್ಲಿ, ಆಸ್ಪತ್ರೆ ಹೋಟೆಲುಗಳ ಬೆಡ್‌ಶೀಟುಗಳನ್ನು ಕಾದ ಉರುಳೆಗಳ ನಡುವೆ ತೂರಿಸುವುದು ಅವಳ ಕೆಲಸವಾಗಿತ್ತು. ಅಲ್ಲಿ ಇಪ್ಪತ್ತು ಹೆಂಗಸರು. ಅವರ ಗುರುತಿನ ಕಾಗದಗಳೆಲ್ಲ ಮೇಸ್ತ್ರಿಯ ಕಪಾಟಿನಲ್ಲಿ, ಹೊರಗಿನ ಬಾಗಿಲಿಗೆ ಹಗಲೂ ರಾತ್ರಿ ಬೀಗ. ಒಂದು ದಿನ ಇವಳು ಮಡಿಸಿದ ಬೆಡ್‌ಶೀಟುಗಳ ರಾಶಿಯ ಅಡಿ ಹುದುಗಿಕೊಂಡು ವ್ಯಾನಿನಲ್ಲಿ ಆಸ್ಪತ್ರೆಗೆ ಬಂದುಬಿಟ್ಟಳು. ಗಂಟು ಬಿಚ್ಚಿದ ನರ್ಸು ಹೌಹಾರಿ ದೊಡ್ಡಕ್ಕನಿಗೆ ಫೋನು ಮಾಡಿದ್ದಳು. ಗುರುವಾರ ಕಾರ್ಮಿಕ ಅಧಿಕಾರಿಯ ಮುಂದೆ ಇವಳು ಹೇಳಿಕೆ ಕೊಟ್ಟರೆ ನಾಲ್ಕು ದಿನದೊಳಗೆ ಆ ಬೀಗ ಒಡೆಸುವ ಆದೇಶ ಸಿಗುತ್ತದೆ ಎಂದು ಸಂಸ್ಥೆಯ ವಕೀಲೆ ಹೇಳಿದ್ದಳು. ಆ ನಾಲ್ಕು ದಿನ ಇವಳು ಎಲ್ಲಿದ್ದಾಳೆಂದು ಯಾರಿಗೂ ಗೊತ್ತಾಗಬಾರದು, ಅಷ್ಟೆ.

ಇನ್ನೊಂದು ಗುಟ್ಟಿತ್ತು. ಅದು ಗೊತ್ತಿದ್ದದ್ದು ದೊಡ್ಡಕ್ಕನಿಗೆ ಮತ್ತು ವಕೀಲೆಗೆ ಮಾತ್ರ. ಒಳಗೆ ಉಳಿದ ಹತ್ತೊಂಬತ್ತು ಜನರಲ್ಲಿ ಒಬ್ಬಳು ಇಸ್ತ್ರಿಯ ಸ್ವಂತ ತಂಗಿ. ನೆಂಟರಿಷ್ಟರು ಒಟ್ಟಿಗಿದ್ದರೆ ಗುಂಪು ಕಟ್ಟುತ್ತಾರೆಂದು ಆ ಲಾಂಡ್ರಿಯಲ್ಲಿ ಒಂದೇ ಮನೆಯ ಇಬ್ಬರನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಅಕ್ಕ ತಂಗಿ ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಊರಿನ ಹೆಸರು ಹೇಳಿಕೊಂಡು ಸೇರಿದ್ದರು. ಹನ್ನೊಂದು ತಿಂಗಳು ಒಂದೇ ಸೂರಿನಡಿ ಅಪರಿಚಿತರ ಹಾಗೆ ಬದುಕಿದ್ದರು.

ಬುಧವಾರ ಮಧ್ಯಾಹ್ನ ಮುಂದಿನ ಸಾಲಿನ ಅಜ್ಜಿ ಫೋನು ಮಾಡಿದರು. ಪ್ರಾರ್ಥನಾ ಮಂದಿರದಲ್ಲಿ ಅವರದು ಯಾವಾಗಲೂ ಮೊದಲನೇ ಸಾಲು, ಅದಕ್ಕೇ ಆ ಹೆಸರು. ನಿಜವಾದ ಭಕ್ತೆ. ಬೇಡಲು ಕೂತರೆ ಯಾರದೋ ಕಷ್ಟಕ್ಕೆ ಇವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಏನ್ ಬರೆದಿದೀಯೇ ಮಗಳೇ ಈ ಸಲ! ಮೂರು ದಿನದಿಂದ ಆ ಹುಡುಗಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದಾಳೆ. ಊಟದ ಹೊತ್ತಲ್ಲಿ ಮನೆಯವರಿಗೆಲ್ಲಾ ಗಟ್ಟಿಯಾಗಿ ಓದಿದೆ ನೋಡು."

"ಒಳ್ಳೇದಾಯ್ತು ಅಜ್ಜಿ."

"ಕೇಳು, ವಿಶೇಷ ಏನು ಗೊತ್ತಾ? ಯಾವತ್ತೂ ಪ್ರಾರ್ಥನೆ ಅಂದ್ರೆ ಎದ್ದು ಹೋಗ್ತಿದ್ದ ನನ್ನ ಮಗ, ತಟ್ಟೆ ಮುಂದೆ ಕೈ ತಡೆದು ಕೂತುಬಿಟ್ಟ. 'ಇನ್ನೊಂದ್ಸಲ ಓದಮ್ಮಾ' ಅಂದ. 'ಯಾವ ಬೇಕರಿ ಅದು' ಅಂತ ಅವನೇ ಕೇಳಿದ! ಹೋದ ವರ್ಷ ಆ ರೂಮಿಗೆ ನಾನೇ ಕಂಬಳಿ ತಂದುಕೊಟ್ಟಿದ್ನಲ್ಲಾ, ಹೇಳ್ದೆ. ಏನಾದ್ರೂ ಸಹಾಯ ಮಾಡ್ತೀನಮ್ಮಾ ಅಂದ. ನಿನ್ನ ಬರವಣಿಗೇಲಿ ದೇವರಿದಾನೆ ಕಣೇ."

ದೊಡ್ಡಕ್ಕನಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ಮಾತಿಗೆ ಮಾತು ಎಂಬಂತೆ ಕೇಳಿದರು. "ಬಟ್ಟೆ ವ್ಯಾಪಾರ ಅಲ್ವಾ ಅಜ್ಜಿ ನಿಮ್ಮ ಮಗಂದು?"

"ಅಯ್ಯೋ ಅದು ಹಳೇ ಮಾತು. ಈಗ ಒಗೆಯೋ ಕಾರ್ಖಾನೆ. ಅವನ ಭಾಮೈದನ ಹೆಸರಲ್ಲಿ ಮಾಡಿದಾನೆ. ಆಸ್ಪತ್ರೆ ಬೆಡ್‌ಶೀಟೆಲ್ಲಾ ಅಲ್ಲೇ ಹೋಗೋದು. ಪಾಪ, ಊಟ ನಿದ್ದೆ ಇಲ್ಲ ಅವನಿಗೆ."

ಅಜ್ಜಿ ಇನ್ನೂ ಏನೇನೋ ಹೇಳುತ್ತಿದ್ದರು. ದೊಡ್ಡಕ್ಕನಿಗೆ ಒಂದಕ್ಷರ ಕೇಳಿಸಲಿಲ್ಲ. ಎದುರಿನ ಮೇಜಿನಲ್ಲಿ ಕೂತಿದ್ದ ವಕೀಲೆ ತಲೆ ಎತ್ತಿ, "ಏನಾಯ್ತಕ್ಕಾ, ಮುಖ ಯಾಕೆ ಹಾಗಾಯ್ತು?" ಅಂದಳು.

"ಬೇಕರಿಗೆ ಹೋಗಬೇಕು. ಈಗಲೇ."

ಬೇಕರಿ ಮೂರು ಬೀದಿ ಆಚೆ. ಗಲ್ಲಾದಲ್ಲಿ ಕೂತಿದ್ದ ಬೇಕರಿಯವನು ಇವರನ್ನು ನೋಡಿದ್ದೇ ದನಿ ತಗ್ಗಿಸಿದ. ನಿನ್ನೆಯಿಂದ ಒಬ್ಬ ಬರುತ್ತಿದ್ದಾನಂತೆ. ಒಂದು ಬನ್ನು ಕೊಂಡು ಎದುರಿನ ಗೋಡೆಗೊರಗಿ ಒಂದು ಗಂಟೆ ತಿನ್ನುತ್ತಾನಂತೆ. ಇವತ್ತು ಬೆಳಿಗ್ಗೆ ಮೇಲಿನ ಕಿಟಕಿಗೆ ಕೈ ಬೀಸಿ, "ವಾಪಸ್ ಬಂದ್ರೆ ಏನೂ ಕೇಳಲ್ವಂತೆ ಕಣಮ್ಮಾ" ಎಂದು ಬೀದಿಯಿಂದಲೇ ಕೂಗಿ ಹೋದನಂತೆ. ಜಗಳವಿಲ್ಲ, ಬೆದರಿಕೆಯಿಲ್ಲ. ನೆರೆಹೊರೆಯವನ ಹಾಗೆ ಕೂಗಿದ ಎಂದು ಬೇಕರಿಯವನು ಹೇಳಿದ.

ಮೆಟ್ಟಿಲು ಹತ್ತುವಾಗ ವಕೀಲೆ ಕೇಳಿದಳು. "ಹೇಗೆ ಗೊತ್ತಾಯ್ತಕ್ಕಾ ಅವರಿಗೆ?"

"ಗೊತ್ತಿಲ್ಲ ಕಣಮ್ಮ," ಅಂದುಬಿಟ್ಟರು ದೊಡ್ಡಕ್ಕ.

ಅಂದುಬಿಟ್ಟರು ಅಂದೆನಲ್ಲ, ಹಾಗೆಯೇ ಆದದ್ದು. ಸುಳ್ಳು ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ. ಹದಿನೇಳು ವರ್ಷ ಬೇರೆಯವರ ಸುಳ್ಳುಗಳನ್ನು ಕಾಗದದ ಮೇಲೆ ಬಯಲಿಗೆಳೆದ ಹೆಂಗಸು, ತನ್ನ ಸರದಿ ಬಂದಾಗ ಮೂರನೇ ಮೆಟ್ಟಿಲ ಮೇಲೆ, ಉಸಿರು ಬಿಡುವಷ್ಟು ಸಲೀಸಾಗಿ ಸುಳ್ಳು ಹೇಳಿದಳು.

ಇಸ್ತ್ರಿ ಮಂಚದ ಮೇಲೆ ಕೂತಿದ್ದಳು. ಕಿಟಕಿ ಮುಚ್ಚಿತ್ತು. ಕೋಣೆ ಒಲೆಯ ಕಾವಿಗೆ ಕುದಿಯುತ್ತಿತ್ತು. ಇವರನ್ನು ಕಂಡವಳೇ ತಪ್ಪಿತಸ್ಥಳ ಹಾಗೆ ಎದ್ದು ನಿಂತಳು.

"ನಂದೇ ತಪ್ಪು ಅಕ್ಕಾ. ಸುಮ್ನೆ ಇರಬೇಕಿತ್ತು. ಗಾಳಿ ಬರ್ಲಿ ಅಂತ ಕಿಟಕಿ ತೆಗೆದೆ. ಅದಕ್ಕೇ ಯಾರೋ ನೋಡಿದಾರೆ."

ಅಲ್ಲ, ನೀನಲ್ಲ, ನಾನು. ಮೂರೇ ಮಾತು. ದೊಡ್ಡಕ್ಕನ ಬಾಯಿ ತೆರೆಯಿತು, ನಾಲಿಗೆ ಹೊರಳಲಿಲ್ಲ. ನಾಳೆ ಕಳೆಯಲಿ, ಇವಳು ಹೇಳಿಕೆ ಕೊಡಲಿ, ಆಮೇಲೆ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ, ಈಗ ಹೇಳಿದರೆ ಇವಳಿಗೆ ನಮ್ಮ ಮೇಲಿದ್ದ ನಂಬಿಕೆ ಹೋಗುತ್ತದೆ ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. "ಹೋಗ್ಲಿ ಬಿಡು ಮಗಳೇ, ಆಗಿದ್ದಾಯ್ತು," ಅಂದರು. ನೋಡಿ, ಮಾಡದ ತಪ್ಪನ್ನು ಆ ಹುಡುಗಿಯ ತಲೆಗೆ ಕಟ್ಟಿ, ಮೇಲೆ ಕ್ಷಮಿಸಿಯೂ ಬಿಟ್ಟರು.

ವಕೀಲೆ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಬೇಕರಿಯ ಹಿಂಬಾಗಿಲಿನಿಂದ, ಹಿಟ್ಟಿನ ಆಟೋದಲ್ಲಿ ಕೂರಿಸಿಕೊಂಡು ಹೋದಳು. ಅದು ಭದ್ರವಾದ ಜಾಗವೇ. ಆ ಮನೆ ಯಾವ ಚೀಟಿಯಲ್ಲೂ ಇರಲಿಲ್ಲ, ಯಾವ ಅಜ್ಜಿಗೂ ಗೊತ್ತಿರಲಿಲ್ಲ. ಆದರೆ ಹುಡುಗಿಗೆ ಅದು ತಿಳಿಯುವುದು ಹೇಗೆ? ಒಂದು ಕಿಟಕಿ ತೆಗೆದರೆ ಕಂಡುಹಿಡಿಯುವವರು ಇಲ್ಲಿಗೂ ಬರುತ್ತಾರೆ, ಎಲ್ಲಿಗೆ ಹೋದರೂ ಬರುತ್ತಾರೆ ಎಂದು ಅವಳು ಲೆಕ್ಕ ಹಾಕಿದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಗುರುವಾರ ಹನ್ನೊಂದಕ್ಕೆ ವಿಚಾರಣೆ. ಕಚೇರಿಯ ಎರಡನೇ ಮಹಡಿ, ಗೋಡೆಗೆ ಒರಗಿಸಿದ ಕಡತಗಳು, ಕಾಲು ಅಲ್ಲಾಡುವ ಬೆಂಚು. ಅಧಿಕಾರಿ ಕೆಟ್ಟವನೇನಲ್ಲ. ಕನ್ನಡಕ ಹಣೆಗೇರಿಸಿ, "ಹೆದರಬೇಡಮ್ಮ, ಇದ್ದದ್ದು ಇದ್ದ ಹಾಗೆ ಹೇಳು," ಅಂದ. ಟೈಪಿಸ್ಟು ಬೆರಳು ಮಡಿಸಿ ಕಾದಳು.

"ಬಾಗಿಲಿಗೆ ಬೀಗ ಹಾಕ್ತಿದ್ರಾ?"

"ಇಲ್ಲ ಸಾರ್."

ವಕೀಲೆ ತಟ್ಟನೆ ತಿರುಗಿ ನೋಡಿದಳು.

"ನಿನ್ನ ಗುರುತಿನ ಕಾಗದ ಕಿತ್ಕೊಂಡಿದಾರೆ ಅಂತ ಅರ್ಜೀಲಿದೆ."

"ಕಳೆದುಹೋಗತ್ತೆ ಅಂತ ನಾನೇ ಕೊಟ್ಟಿದ್ದೆ."

"ಕೈ ಸುಟ್ಟಿದ್ದು?"

"ನೋಡ್ದೆ ಇಟ್ಟೆ. ನನ್ನ ಕೈ, ನನ್ನ ತಪ್ಪು."

ಅಧಿಕಾರಿ ವಕೀಲೆಯ ಕಡೆ ನೋಡಿದ, ದೊಡ್ಡಕ್ಕನ ಕಡೆ ನೋಡಿದ, ಉಸಿರು ಬಿಟ್ಟ. ಟೈಪಿಸ್ಟು ಮೂರು ಸಾಲು ಕುಟ್ಟಿದಳು. ಇಸ್ತ್ರಿ ಹೆಬ್ಬೆಟ್ಟು ಒತ್ತಲಿಲ್ಲ. ಅವಳಿಗೆ ಸಹಿ ಬರುತ್ತಿತ್ತು. ಸಹಿ ಹಾಕಿದಳು. ಇಷ್ಟು ದಿನದ ಓಡಾಟ ಹತ್ತು ನಿಮಿಷದಲ್ಲಿ ಮುಗಿಯಿತು.

ಹೊರಗೆ ಕಾರಿಡಾರಿನ ತುದಿಯಲ್ಲಿ ಬನ್ನು ತಿನ್ನುವವನು ಕಾದು ನಿಂತಿದ್ದ. ಇಸ್ತ್ರಿ ಅವನಿಗೆ ಒಂದು ನಿಮಿಷ ಎಂಬಂತೆ ಕೈ ತೋರಿಸಿ ದೊಡ್ಡಕ್ಕನ ಹತ್ತಿರ ಬಂದಳು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ನೀವು ತುಂಬಾ ಕಷ್ಟಪಟ್ರಿ. ಆದೇಶ ಬರೋಕೆ ನಾಲ್ಕು ದಿನ ಅಂದ್ರಿ. ನಾಲ್ಕು ದಿನ ಅವಳೊಬ್ಬಳೇ ಒಳಗಿರಬೇಕು. ಅಷ್ಟರಲ್ಲಿ ಅವಳು ನನಗೆ ಏನಾಗಬೇಕು ಅಂತ ಗೊತ್ತಾಗಿಬಿಟ್ರೆ? ನಾನು ಹೋಗಿ ಅವಳ ಪಕ್ಕದಲ್ಲಿ ನಿಂತ್ಕೋತೀನಿ. ನಾನು ಕಿಟಕಿ ತೆಗೀದೇ ಇದ್ದಿದ್ರೆ..."

ಆಗ ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟರು. ಚೀಟಿ, ಬ್ರೆಡ್ಡಿನ ಪರಿಮಳ, ಅಜ್ಜಿ, ಅಜ್ಜಿಯ ಮಗ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತರು. ಹುಡುಗಿ ಅಳಲಿಲ್ಲ. ಅರ್ಥವಾಗದ ಲೆಕ್ಕವನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಅಂದ್ರೆ, ನಾನು ಮಲಗೋದನ್ನೆಲ್ಲಾ ಬರೆದು ಕಳಿಸಿದ್ರಾ?"

"ನಿನಗೋಸ್ಕರ ಬೇಡ್ಕೊಳ್ಳಲಿ ಅಂತ ಮಗಳೇ. ದೇವರ ಹತ್ರ."

"ನಿನ್ನೆಯೇ ಹೇಳಿದ್ದಿದ್ರೆ ಚೆನ್ನಾಗಿತ್ತು," ಅಂದಳು ಇಸ್ತ್ರಿ. ಸಿಟ್ಟಿನಿಂದ ಅಲ್ಲ. "ವಕೀಲಮ್ಮನ ಮನೆ ಅವರಿಗೆ ಗೊತ್ತಿಲ್ಲ ಅಂತ ಗೊತ್ತಿದ್ರೆ ನಾನು ಬೇರೆ ಥರ ಮಾತಾಡ್ತಿದ್ನೋ ಏನೋ." ಒಳಗಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಸಹಿ ಹಾಕಿಯಾಗಿತ್ತು. ಬನ್ನು ತಿನ್ನುವವನು ಕೆಮ್ಮಿದ.

"ಒಂದು ಕೇಳ್ತೀನಿ, ನಡೆಸಿಕೊಡಿ. ನನ್ನ ತಂಗಿ ಸುದ್ದಿ ಎಲ್ಲೂ ಎತ್ತಬೇಡಿ. ಯಾರ ಹತ್ರಾನೂ. ದೇವರ ಹತ್ರಾನೂ ಎತ್ತಬೇಡಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ."

"ಇಲ್ಲ ಮಗಳೇ. ಆಣೆ," ಅಂದರು ದೊಡ್ಡಕ್ಕ.

ಅವಳು ಹೋದಳು. ವಕೀಲೆ ಕಡತ ಕಂಕುಳಲ್ಲಿ ಇಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ದೇವರಲ್ಲಿ ಅಂಥ ನಂಬಿಕೆಯೇನಿರಲಿಲ್ಲ, ದೊಡ್ಡಕ್ಕನಲ್ಲಿ ಇತ್ತು. "ನಿಮ್ಮ ದೇವರಿಗೆ ಕೇಳಿಸ್ತೋ ಇಲ್ವೋ ಗೊತ್ತಿಲ್ಲ ಅಕ್ಕಾ," ಅಂದಳು, "ಊರಿಗಂತೂ ಚೆನ್ನಾಗಿ ಕೇಳಿಸ್ತು." ಅವತ್ತು ಸಂಜೆಯೇ ಮೇಜಿನ ಡ್ರಾಯರು ಖಾಲಿ ಮಾಡಿಕೊಂಡು ಹೊರಟುಹೋದಳು.

ಶುಕ್ರವಾರ ದೊಡ್ಡಕ್ಕ ಆಡಳಿತ ಮಂಡಳಿಯನ್ನು ಕರೆದರು. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆ, ಉದ್ದ ಮೇಜು, ಐದು ಜನ ಹಿರಿಯರು. ಅಧ್ಯಕ್ಷರು ಕನ್ನಡಕದಂಗಡಿ ಇಟ್ಟವರು. ಒಳ್ಳೆಯ ಮನುಷ್ಯ, ನಗಿಸುವುದರಲ್ಲಿ ಎತ್ತಿದ ಕೈ, ಯಾರು ಅತ್ತರೂ ಮೊದಲು ಕರವಸ್ತ್ರ ಕೊಡುವವರು. ದೊಡ್ಡಕ್ಕ ಏನೂ ಮುಚ್ಚಿಡಲಿಲ್ಲ. ಸುಳ್ಳು ಹೇಳಿದ್ದನ್ನೂ ಹೇಳಿದರು. ತಮ್ಮನ್ನು ಕೆಲಸದಿಂದ ತೆಗೆಯಬೇಕು, ಚೀಟಿಯನ್ನು ಇವತ್ತಿನಿಂದಲೇ ನಿಲ್ಲಿಸಬೇಕು, ಆದದ್ದನ್ನು ನಾನೂರ ಹನ್ನೆರಡು ಜನರಿಗೂ ತಿಳಿಸಬೇಕು ಅಂದರು.

ಅಧ್ಯಕ್ಷರು ಕರವಸ್ತ್ರ ಕೊಟ್ಟರು. "ಅಕ್ಕಾ, ದೇವರು ಮನಸ್ಸು ನೋಡ್ತಾನೆ. ನಿಮ್ಮ ಮನಸ್ಸಲ್ಲಿ ಕೆಟ್ಟದ್ದಿತ್ತಾ? ಇಲ್ಲ ತಾನೇ. ನಿಮ್ಮನ್ನ ತೆಗೆಯೋ ಮಾತು ಎತ್ತಬೇಡಿ. ಇನ್ನು ಚೀಟಿ. ನಲವತ್ತು ವರ್ಷದಿಂದ ಒಂದು ಸೋಮವಾರ ತಪ್ಪಿಲ್ಲ. ಯುದ್ಧ ಆದಾಗಲೂ ತಪ್ಪಿಲ್ಲ. ಒಬ್ಬರಿಗೆ ತೊಂದರೆ ಆಯ್ತು ಅಂತ ಪ್ರಾರ್ಥನೇನೇ ನಿಲ್ಲಿಸೋದಾ?"

"ಹೋಗ್ಲಿ, ಮುಂದಿನ ಸಾಲಿನ ಅಜ್ಜಿಯ ನಂಬರಾದ್ರೂ ತೆಗೆಸಿ."

"ಆ ಮುದುಕಿ ಏನ್ ಪಾಪ ಮಾಡಿದ್ಲು ಅಕ್ಕಾ? ಪ್ರಾರ್ಥನೆಯಿಂದ ಯಾರನ್ನಾದ್ರೂ ಹೊರಗೆ ಹಾಕೋಕಾಗತ್ತಾ?"

ಸುತ್ತ ಕೂತವರು ಹೌದೌದು ಅಂದರು. ಮೇಜಿನ ಸುತ್ತ ಎಷ್ಟು ಕನಿಕರವಿತ್ತೆಂದರೆ ದೊಡ್ಡಕ್ಕನಿಗೆ ಉಸಿರು ಕಟ್ಟಿತು. ಅವರಿಗೆ ಬೇಕಾಗಿದ್ದದ್ದು ಶಿಕ್ಷೆ. ಇವರು ಬೆನ್ನು ಸವರುತ್ತಿದ್ದರು. ಇವರಿಗೆ ಅರ್ಥವೇ ಆಗುತ್ತಿಲ್ಲವಲ್ಲ, ಏನು ಹೇಳಿದರೆ ನಾಟೀತು ಎಂದು ಹತಾಶೆಯಿಂದ ಮೇಜು ಗುದ್ದಿದರು.

"ಒಬ್ಬಳಲ್ಲ ಕಣ್ರೀ! ಅವಳ ಒಡಹುಟ್ಟಿದ ತಂಗಿ ಅದೇ ಲಾಂಡ್ರಿ ಒಳಗಿದಾಳೆ! ಅಕ್ಕ ತಂಗಿ ಅಂತ ಅವರಿಗೆ ಗೊತ್ತಾದ್ರೆ ಏನು ಗತಿ ಅಂತ ಹೆದರಿ ಅವಳು ವಾಪಸ್ ಹೋಗಿದಾಳೆ. ಈಗಲಾದ್ರೂ ತಿಳೀತಾ ನಾನೇನು ಮಾಡಿದೀನಿ ಅಂತ?"

ನಾಟಿತು, ಅದರಲ್ಲಿ ಅನುಮಾನವಿಲ್ಲ. ಒಬ್ಬರು "ಅಯ್ಯೋ ದೇವರೇ" ಎಂದು ಕಣ್ಣು ಮುಚ್ಚಿದರು. ದೊಡ್ಡಕ್ಕ ತಮ್ಮ ಬಾಯಿಯ ಮೇಲೆ ತಾವೇ ಕೈ ಇಟ್ಟುಕೊಂಡರು. ಆಣೆ ಮಾಡಿ ಇನ್ನೂ ಒಂದು ದಿನ ಕಳೆದಿರಲಿಲ್ಲ.

"ಈ ಮಾತು ಈ ಗೋಡೆ ದಾಟಬಾರದು. ನಿಮ್ಮೆಲ್ಲರನ್ನೂ ಕೈಮುಗಿದು ಕೇಳ್ತೀನಿ."

"ಛೆ, ಛೆ! ನಾವೇನು ಚಿಕ್ಕ ಮಕ್ಕಳಾ?" ಅಂದರು ಅಧ್ಯಕ್ಷರು. ನಿಜಕ್ಕೂ ನೊಂದಿದ್ದರು. "ನೀವೊಂದು ತಿಂಗಳು ರಜ ತಗೊಳ್ಳಿ. ಚೀಟಿ ನಾನು ನೋಡ್ಕೋತೀನಿ. ಹೆಸರು ಹಾಕಬಾರದು ಅನ್ನೋದು ನಂಗೆ ಗೊತ್ತಿಲ್ವಾ?"

ಶನಿವಾರ, ಭಾನುವಾರ ದೊಡ್ಡಕ್ಕ ಮನೆಯಲ್ಲೇ ಇದ್ದರು. ಬೇಡಲು ಕೂತರು, ಆಗಲಿಲ್ಲ. ಕಣ್ಣು ಮುಚ್ಚಿದರೆ ಮೊದಲು ಬರುವ ಮುಖ ಅವಳದೇ. ಅದನ್ನು ದೇವರ ಮುಂದೆ ಎತ್ತುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಉಳಿದವರಿಗಾಗಿ ಬೇಡೋಣವೆಂದರೆ ಎಲ್ಲ ದಾರಿಯೂ ಸುತ್ತಿ ಅಲ್ಲಿಗೇ ಬರುತ್ತಿತ್ತು. ಗಂಡ ಅವರ ಫೋನು ತೆಗೆದು ತಮ್ಮ ಅಂಗಡಿಯ ಡ್ರಾಯರಿನಲ್ಲಿ ಇಟ್ಟುಬಿಟ್ಟರು. ನಾಲ್ಕು ದಿನ ಯಾರ ಮಾತೂ ಕಿವಿಗೆ ಬೀಳದಿದ್ದರೆ ಹೆಂಡತಿ ಸುಧಾರಿಸಿಕೊಂಡಾಳು ಎಂದು ಅವರ ಎಣಿಕೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಪಾಪ.

ಸೋಮವಾರ ಹತ್ತೂವರೆಗೆ ದೊಡ್ಡಕ್ಕ ಅಂಗಡಿಗೆ ಹೋಗಿ ಹಟ ಮಾಡಿ ಫೋನು ಇಸಿದುಕೊಂಡರು. ಏಳು ಗಂಟೆಗೇ ಬಂದ ಚೀಟಿ ಮೇಲಿತ್ತು. ಕನ್ನಡಕ ಸರಿಮಾಡಿಕೊಂಡು ಗೋಡೆಯ ಗಡಿಯಾರಗಳ ಕೆಳಗೆ ನಿಂತು ಓದಿದರು.

'ಇಬ್ಬರು ಸಹೋದರಿಯರಿಗಾಗಿ ಬೇಡಿಕೊಳ್ಳಿ. ಒಬ್ಬಳು ಹೆದರಿ ತನ್ನ ಮಾತು ನುಂಗಿ ಕತ್ತಲೆಗೆ ಮರಳಿದಳು. ಅಲ್ಲಿ ಅವಳ ಒಡಹುಟ್ಟಿದ ತಂಗಿಯಿದ್ದಾಳೆ. ಅಕ್ಕನನ್ನು ಅಕ್ಕಾ ಎಂದು ಕರೆಯಲಾಗದೆ, ಹನ್ನೊಂದು ತಿಂಗಳಿಂದ ಎದುರೆದುರು ನಿಂತು, ಬಿಸಿ ಬಟ್ಟೆಯ ಎರಡು ತುದಿ ಹಿಡಿದು ಮಡಿಸುತ್ತಿದ್ದಾಳೆ. ದೇವರೇ, ಈ ಇಬ್ಬರನ್ನು ಒಂದುಗೂಡಿಸು.'

ಕೆಳಗೆ ಸಾಲು ಸಾಲು ಮುಗಿದ ಕೈಗಳು. ಇನ್ನೂರಕ್ಕೂ ಹೆಚ್ಚು. ದೊಡ್ಡಕ್ಕ ಅಧ್ಯಕ್ಷರಿಗೆ ಫೋನು ಮಾಡಿದರು.

"ಓ ಅಕ್ಕಾ! ಈಗ ನೋಡಿದ್ರಾ?" ಅಧ್ಯಕ್ಷರ ದನಿಯಲ್ಲಿ ಒಂಥರಾ ನಾಚಿಕೆಯಿತ್ತು. "ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ ನನಗೆ, ಆ ಹುಡುಗೀರನ್ನ ನೆನೆಸಿಕೊಂಡು. ಹೆಸರೆಲ್ಲೂ ಹಾಕಿಲ್ಲ ನೋಡಿ, ಲಾಂಡ್ರಿ ಅಂತಾನೂ ಹಾಕಿಲ್ಲ. ಆ ಬಟ್ಟೆ ಮಡಿಸೋದು ನಾನೇ ಕಲ್ಪಿಸಿಕೊಂಡು ಬರೆದೆ. ನೀವು ಹೇಳ್ತಿದ್ರಲ್ಲಾ, ಮುಖ ಕಣ್ಮುಂದೆ ಬರಬೇಕು ಅಂತ. ಚೆನ್ನಾಗಿ ಬಂದಿದ್ಯಾ ಅಕ್ಕಾ?"

ದೊಡ್ಡಕ್ಕ ಫೋನು ಇಟ್ಟರು. ಬೈಯಬೇಕೆಂದರೂ ಬಾಯಿ ಬರಲಿಲ್ಲ. ಯಾರನ್ನು ಬೈಯುವುದು? ಪಾಠ ಹೇಳಿಕೊಟ್ಟವರು ಯಾರು, ವಿಷಯ ಕೊಟ್ಟವರು ಯಾರು?

ಆಟೋ ಹಿಡಿದು ಊರಾಚೆ ಹೋದರು. ಅಷ್ಟು ವರ್ಷದ ಕೆಲಸದಲ್ಲಿ ಅರ್ಜಿಯಿಲ್ಲದೆ, ವಕೀಲರಿಲ್ಲದೆ, ಯೋಚನೆಯಿಲ್ಲದೆ ಒಬ್ಬರೇ ಹೊರಟದ್ದು ಅದೇ ಮೊದಲು. ಹೋಗಿ ಏನು ಮಾಡುತ್ತೇನೆಂದು ಅವರಿಗೇ ಗೊತ್ತಿರಲಿಲ್ಲ. ಗೇಟಿನ ಮುಂದೆ ಕೂಗಾಡಲೂ ತಯಾರಿದ್ದರು, ಕಾಲು ಹಿಡಿಯಲೂ ತಯಾರಿದ್ದರು. ಎತ್ತರದ ಗೋಡೆ, ತಗಡಿನ ಗೇಟು, ಒಳಗಿನಿಂದ ಯಂತ್ರಗಳ ಒಂದೇ ಸಮನೆ ಸದ್ದು, ಸೋಪಿನ ಘಾಟು. ಗೇಟಿನ ಕಾವಲಿನವನು ಮುದುಕ. 'ಈ ಬಿಸಿಲಲ್ಲಿ ಇವರ್ಯಾಕೆ ಬಂದರಪ್ಪಾ' ಎಂಬ ಮುಖ ಮಾಡಿಕೊಂಡು ಸ್ಟೂಲಿನಿಂದ ಎದ್ದ.

"ಇಲ್ಲಿ ಇಸ್ತ್ರಿ ಮಾಡೋ ಹುಡುಗಿ ಒಬ್ಬಳಿದಾಳೆ, ಗುರುವಾರ ವಾಪಸ್ ಬಂದೋಳು. ಒಂದೇ ಒಂದು ನಿಮಿಷ ಅವಳನ್ನ ನೋಡಬೇಕಿತ್ತು ಯಜಮಾನ್ರೇ."

"ಯಾರು, ಆ ಅಕ್ಕ ತಂಗೀನಾ?" ಅಂದ ಮುದುಕ.

ದೊಡ್ಡಕ್ಕ ಗೇಟಿನ ಸಂದಿಯಿಂದ ಒಳಗೆ ಇಣುಕಿದರು.

"ಬೆಳಿಗ್ಗೇನೇ ಕಳಿಸಿಬಿಟ್ರಲ್ಲಮ್ಮಾ. ಬೇರೆ ಊರುಗಳಲ್ಲೂ ಇದೆ ಇವರದು. ಅಕ್ಕನ್ನ ಒಂದು ವ್ಯಾನಲ್ಲಿ, ತಂಗೀನ ಇನ್ನೊಂದು ವ್ಯಾನಲ್ಲಿ."

"ಯಾವ ಊರು? ಯಾವ ಕಡೆ ಹೋಯ್ತು ವ್ಯಾನು?"

"ನನಗ್ಯಾರು ಹೇಳ್ತಾರಮ್ಮಾ. ಗೇಟು ತೆಗಿ ಅಂದ್ರು, ತೆಗೆದೆ." ಮುದುಕ ಟವೆಲಿನಿಂದ ಕತ್ತು ಒರೆಸಿಕೊಂಡ. "ಒಂದು ವಿಚಿತ್ರ ನೋಡಿ. ವರ್ಷದಿಂದ ದಿನಾ ಆ ಹುಡುಗೀರನ್ನ ನೋಡ್ತಿದೀನಿ. ಒಬ್ಬರನ್ನೊಬ್ಬರು ಮಾತಾಡಿಸಿದ್ದೇ ಇಲ್ಲ. ಇವತ್ತು ವ್ಯಾನಿನ ಬಾಗಿಲು ಹಾಕೋವಾಗ ಆ ಚಿಕ್ಕವಳು 'ಅಕ್ಕಾ' ಅಂತ ಕೂಗಿದ್ಲು. ಇಡೀ ಲಾಂಡ್ರೀಗೆ ಕೇಳಿಸ್ತು."

ಹಿಂದಿನಿಂದ ಬಟ್ಟೆ ತುಂಬಿದ ವ್ಯಾನೊಂದು ಬಂದು ಹಾರ್ನು ಹೊಡೆಯಿತು. ಸ್ವಲ್ಪ ಪಕ್ಕಕ್ಕೆ ಬನ್ನಿ ಎಂದು ಮುದುಕ ದೊಡ್ಡಕ್ಕನ ತೋಳು ಹಿಡಿದು ಸರಿಸಿ, ಗೇಟು ತೆಗೆಯಲು ಹೋದ.